ಜೀವಾಮೃತ ನಾರಾಕತ್ತಿದ್ರ
ಐದು ದಿನಕ್ಕ ಜೀವಾಮೃತ (ಸಗಣಿ, ಗೋಮೂತ್ರ, ಬೆಲ್ಲ ಕಲಸಿ ಮಾಡೋ ದ್ರವ ಗೊಬ್ಬರ) ಕೊಳತು ನಾರಾಕತ್ತೈತಿ, ತೊಗರಿಗೆ ಬಿಡ್ಲೋ ಬ್ಯಾಡೋ ಅಂತ ಕೇಳೀರಿ, ಕಣ್ಣಾರೆ ನೋಡಲಾರದ ಪಕ್ಕಾ ಹೇಳಾಕ ಬರೂದಿಲ್ಲ ಆದ್ರ ಡ್ರಮ್ ಬಿಸಲಾಗಿಟ್ಟು ಮುಚ್ಚಳಾ ಬಿಗಿ ಹಾಕೀನಿ ಅಂತ ಬರದೀರಲ್ಲ, ಗಾಳಿ ಆಡಲಾರದ ಕೆಟ್ಟಿರಬೇಕ್ರಿ. ಜಮಖಂಡಿ ಕಡೆ ನಮ್ಮ ಹೊಲದಾಗೂ ಹಿಂಗ ಆಗಿತ್ತು. ಅದನ್ನ ಬೆಳಿಗೆ ಬಿಡಬ್ಯಾಡ್ರಿ, ತಿಪ್ಪಿಗೆ ಸುರೀರಿ.

ಹೊಸದಾಗಿ 200 ಲೀಟರ್ ನೀರಿಗೆ 10 ಕೆಜಿ ಜವಾರಿ ಆಕಳ ಸಗಣಿ, 10 ಲೀಟರ್ ಗೋಮೂತ್ರ, 2 ಕೆಜಿ ಕರಿ ಬೆಲ್ಲ (ಬೆಳ್ಳನ ಬೆಲ್ಲ ಬ್ಯಾಡ, ಬಣ್ಣಕ್ಕ ಪೌಡರ್ ಹಾಕಿರ್ತಾರ), 2 ಕೆಜಿ ಕಡ್ಲಿಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಹಾಕಿ ನೆರಳಾಗಿಟ್ಟು ಬರೇ ಗೋಣಿಚೀಲ ಹೊಚ್ರಿ, ಮುಂಜಾನಿ ಸಂಜಿ ಕಟಗೀಲೆ ತಿರುವ್ರಿ. ಮ್ಯಾಲ ಬುರುಗು ಬಂದು ಹುಳಿ ಬೆಲ್ಲದ ವಾಸನಿ ಹೊಡದ್ರ ಸರಿ ಐತಿ. 48 ತಾಸಿಗೆ ತಯಾರ, ಒಂದು ಎಕರೆಕ್ಕ ಸಾಕು, ವಾರದೊಳಗ ನೆಲ ಹಸಿ ಇದ್ದಾಗ ಬಿಡ್ರಿ.