ವಿಮಾನದ ಸದ್ದು ಮತ್ತು ನೆರೆಯ ಊರುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಸುತ್ತಲಿನ ಶಬ್ದದ ಕುರಿತು ಹಾಗೂ ಬೆಂಗಳೂರಿಗೆ ಬರಲಿದೆ ಎನ್ನಲಾದ ಎರಡನೆಯ ನಿಲ್ದಾಣದ ಕುರಿತು ಬಂದಿರುವ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ.

ಪ್ರಶ್ನೆ: ದೊಡ್ಡಬಳ್ಳಾಪುರ ರಸ್ತೆಗೆ ಸಮೀಪದ ಬಡಾವಣೆಯೊಂದರಲ್ಲಿ ಮೂವತ್ತು–ನಲವತ್ತರ ಸೈಟು ಕೊಳ್ಳಬೇಕೆಂದಿದ್ದೇವೆ. ‘ವಿಮಾನ ನಿಲ್ದಾಣ ಪ್ರಾಧಿಕಾರದ ಎನ್‌ಒಸಿ ಇದೆ, ಸದ್ದಿನ ತೊಂದರೆ ಇಲ್ಲ’ ಎಂದು ಮಾರುವವರು ಹೇಳುತ್ತಾರೆ. ಡಿಸೆಂಬರ್‌ನ ಒಂದು ಮಧ್ಯಾಹ್ನ ಹೋಗಿ ನೋಡಿದಾಗ ನಮಗೂ ಹೆಚ್ಚು ಸದ್ದು ಕೇಳಿಸಲಿಲ್ಲ. ನಂಬಬಹುದೇ?
— ಓದುಗರು, ಯಲಹಂಕ

ಉತ್ತರ: ಆ ಎನ್‌ಒಸಿಗೂ ಶಬ್ದಕ್ಕೂ ಸಂಬಂಧವಿಲ್ಲ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಕೊಡುವ ನಿರಾಕ್ಷೇಪಣಾ ಪತ್ರವು ಕಟ್ಟಡದ ಎತ್ತರವನ್ನು ಮಾತ್ರ ಕುರಿತದ್ದು. ನಿಮ್ಮ ಮನೆ ವಿಮಾನಕ್ಕೆ ಅಡ್ಡ ಬರುವುದಿಲ್ಲ ಎಂದಷ್ಟೇ ಅದು ಹೇಳುತ್ತದೆ. ವಿಮಾನ ನಿಮ್ಮ ನಿದ್ದೆಗೆ ಅಡ್ಡ ಬರುವುದೇ ಎಂಬುದನ್ನು ಆ ಕಾಗದ ಪರಿಶೀಲಿಸಿರುವುದಿಲ್ಲ.

ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿ ಮಲಗಿವೆ. ವಿಮಾನಗಳು ಗಾಳಿಗೆ ಎದುರಾಗಿ ಇಳಿಯುತ್ತವೆ, ಎದುರಾಗಿಯೇ ಏರುತ್ತವೆ. ಚಳಿಗಾಲದಲ್ಲಿ ನಮ್ಮಲ್ಲಿ ಮೂಡಣ ಗಾಳಿ ಹೆಚ್ಚು. ಆಗ ವಿಮಾನಗಳು ಪಶ್ಚಿಮದಿಂದ ಬಂದು ಇಳಿದು ಪೂರ್ವಕ್ಕೆ ಏರಿ ಹೋಗುತ್ತವೆ. ಮುಂಗಾರಿನಲ್ಲಿ ಪಡುವಣ ಗಾಳಿ ಬೀಸುವುದರಿಂದ ಇದು ತಿರುಗುಮುರುಗಾಗುತ್ತದೆ. ನಿಲ್ದಾಣದ ಪಶ್ಚಿಮದ ಊರುಗಳ ಮೇಲೆ ಪೂರ್ಣ ಬಲದಲ್ಲಿ ಏರುವ ವಿಮಾನಗಳ ಸದ್ದು ಬೀಳುತ್ತದೆ. ಇಳಿಯುವ ವಿಮಾನದ ಎಂಜಿನ್ ಕಡಿಮೆ ಬಲದಲ್ಲಿದ್ದರೂ ಅದು ಸುಮಾರು ಮೂರು ಡಿಗ್ರಿ ಇಳಿಜಾರಿನಲ್ಲಿ ನೇರ ಗೆರೆಯಲ್ಲಿ ಬರಬೇಕಾದ್ದರಿಂದ, ರನ್‌ವೇ ತುದಿಯಿಂದ 10 ಕಿಲೋಮೀಟರ್ ದೂರದಲ್ಲಿ ಸುಮಾರು 540 ಮೀಟರ್, 5 ಕಿಲೋಮೀಟರ್ ದೂರದಲ್ಲಿ ಸುಮಾರು 270 ಮೀಟರ್ ಎತ್ತರದಲ್ಲಷ್ಟೇ ಇರುತ್ತದೆ. ಆದ್ದರಿಂದ ನೀವು ಡಿಸೆಂಬರ್‌ನ ಮಧ್ಯಾಹ್ನ ಕೇಳಿದ್ದು ವರ್ಷದ ಒಂದು ಭಾಗದ, ದಿನದ ಒಂದು ಹೊತ್ತಿನ ಸದ್ದು ಮಾತ್ರ. ಜುಲೈನಲ್ಲಿ ಮತ್ತೊಮ್ಮೆ ಹೋಗಿ. ವಿದೇಶಕ್ಕೆ ಹೋಗುವ ದೊಡ್ಡ ವಿಮಾನಗಳು ಹೆಚ್ಚಾಗಿ ಹೊರಡುವ ನಡುರಾತ್ರಿಯಿಂದ ಬೆಳಗಿನ ಜಾವದವರೆಗಿನ ಹೊತ್ತಿನಲ್ಲಿ ಅಲ್ಲಿ ನಿಂತು ಕೇಳಿ. ಯಲಹಂಕ ವಾಯುನೆಲೆಯ ವಿಮಾನಗಳ ಸದ್ದು ಬೇರೆಯೇ ಲೆಕ್ಕ ಎಂಬುದನ್ನು ಆ ಭಾಗದವರಾದ ನಿಮಗೆ ಹೇಳಬೇಕಾಗಿಲ್ಲ.

ಭೂ ಪರಿವರ್ತನೆ, ಖಾತೆ, ನಕ್ಷೆ ಅನುಮೋದನೆಗಳನ್ನು ನೋಡುವಷ್ಟೇ ಎಚ್ಚರಿಕೆಯಿಂದ ಆ ಸರ್ವೆ ನಂಬರ್ ರನ್‌ವೇಯ ನೇರಕ್ಕೆ ಎಲ್ಲಿ ಬರುತ್ತದೆ ಎಂಬುದನ್ನೂ ನಕ್ಷೆಯ ಮೇಲೆ ಗೆರೆ ಎಳೆದು ನೋಡಿಕೊಳ್ಳಿ. ಈ ಪರಿಶೀಲನೆ ಕೊಳ್ಳುವವರ ಪಾಲಿಗೆ ಬಿದ್ದಿರುವುದೇ ಅನ್ಯಾಯ ಎಂದು ನಾವು ಭಾವಿಸುತ್ತೇವೆ. ಬಡಾವಣೆಗೆ ಒಪ್ಪಿಗೆ ಕೊಡುವ ಯೋಜನಾ ಪ್ರಾಧಿಕಾರವೇ ಶಬ್ದದ ನಕ್ಷೆಯನ್ನು ಮುಂದಿಟ್ಟುಕೊಂಡು ಮನೆಗೆಲ್ಲಿ ಅವಕಾಶ, ಗೋದಾಮಿಗೆಲ್ಲಿ ಅವಕಾಶ ಎಂದು ಮೊದಲೇ ನಿರ್ಧರಿಸಬೇಕು.

ಪ್ರಶ್ನೆ: ನಮ್ಮದು ನಿಲ್ದಾಣದ ಪೂರ್ವಕ್ಕಿರುವ ಹಳ್ಳಿ. ಎರಡನೆಯ ರನ್‌ವೇ ಬಂದ ಮೇಲೆ ರಾತ್ರಿ ಎಚ್ಚರವಾಗದ ದಿನವಿಲ್ಲ. ದೂರು ಕೊಟ್ಟರೆ ‘ಶಬ್ದ ಮಿತಿಯೊಳಗಿದೆ’ ಎಂಬ ಉತ್ತರ ಬರುತ್ತದೆ. ಮನೆಮಂದಿಯೆಲ್ಲ ಎದ್ದು ಕೂರುವಂಥ ಸದ್ದು ಮಿತಿಯೊಳಗೆ ಇರುವುದು ಹೇಗೆ?
— ರೈತ ಮಹಿಳೆ, ದೇವನಹಳ್ಳಿ ತಾಲ್ಲೂಕು

ಉತ್ತರ: ನಿಮಗೆ ಎಚ್ಚರವಾಗುವುದೂ ನಿಜ, ಶಬ್ದ ಮಿತಿಯೊಳಗಿದೆ ಎಂಬ ಉತ್ತರವೂ ನಿಜವಿರಬಹುದು. ಎರಡೂ ಒಟ್ಟಿಗೆ ಸಾಧ್ಯವಾಗಿರುವುದು ಅಳತೆಯ ವಿಧಾನದಿಂದ.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದೆ. ಆದರೆ 2018ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ವಿಮಾನ ನಿಲ್ದಾಣಗಳ ಶಬ್ದ ವಲಯಕ್ಕೆಂದೇ ಬೇರೆ ಮಿತಿಗಳನ್ನು ಗೊತ್ತುಪಡಿಸಿತು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ವಿಮಾನಗಳು ಇಳಿದೇರುವ ನಿಲ್ದಾಣಗಳಿಗೆ ಹಗಲು 70, ರಾತ್ರಿ 65 ಡೆಸಿಬಲ್. ಉಳಿದವಕ್ಕೆ 65 ಮತ್ತು 60. ಬೆಂಗಳೂರು ಆ ಸಂಖ್ಯೆಯನ್ನು ಎಂದೋ ದಾಟಿದೆ. ಈ ಅಂಕಿಗಳೆಲ್ಲ ಸರಾಸರಿಗಳು. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6ರವರೆಗಿನ ಎಂಟು ಗಂಟೆ.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ರಾತ್ರಿಯಲ್ಲಿ ನಿಮ್ಮ ಮನೆಯ ಮೇಲೆ 40 ವಿಮಾನಗಳು ಹಾದುಹೋಗುತ್ತವೆ, ಪ್ರತಿಯೊಂದೂ 20 ಸೆಕೆಂಡುಗಳ ಕಾಲ 80 ಡೆಸಿಬಲ್ ಸದ್ದು ಮಾಡುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 800 ಸೆಕೆಂಡುಗಳ ಆ ಸದ್ದನ್ನು ಎಂಟು ಗಂಟೆಗಳ 28,800 ಸೆಕೆಂಡುಗಳಿಗೆ ಹರಡಿದರೆ, ಡೆಸಿಬಲ್ ಲೆಕ್ಕ ಸಾಮಾನ್ಯ ಭಾಗಾಕಾರದಂತಲ್ಲವಾದ್ದರಿಂದ, ಸರಾಸರಿ ಸುಮಾರು 64 ಡೆಸಿಬಲ್ ಬರುತ್ತದೆ. ಅಂದರೆ ನಲವತ್ತು ಬಾರಿ ಎಚ್ಚರಗೊಳಿಸಬಲ್ಲ ರಾತ್ರಿಯೂ 65ರ ಮಿತಿಯೊಳಗೇ ಉಳಿಯುತ್ತದೆ. ವಿಮಾನಗಳ ಸಂಖ್ಯೆ ಅರ್ಧಕ್ಕಿಳಿದರೂ ಈ ಸರಾಸರಿ ಇಳಿಯುವುದು ಮೂರೇ ಡೆಸಿಬಲ್. ಸಂಖ್ಯೆ ಇಮ್ಮಡಿಯಾದರೂ ಏರುವುದು ಮೂರೇ. ಹಿಂದಿನವಕ್ಕಿಂತ ಮೆಲುದನಿಯ ಹೊಸ ಎಂಜಿನ್‌ಗಳು ಬಂದಿರುವುದು ನಿಜವಾದರೂ, ವರ್ಷದಿಂದ ವರ್ಷಕ್ಕೆ ಸಂಚಾರ ಬೆಳೆಯುತ್ತಿರುವ ನಿಲ್ದಾಣದ ನೆರೆಯವರಿಗೆ ಅದರ ಲಾಭ ತಲುಪುವುದು ಅಷ್ಟಕ್ಕಷ್ಟೆ.

ಇದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. ಅಮೆರಿಕದಲ್ಲಿ ರಾತ್ರಿಯ ಪ್ರತಿ ಹಾರಾಟಕ್ಕೆ 10 ಡೆಸಿಬಲ್ ಹೆಚ್ಚುವರಿಯಾಗಿ ಸೇರಿಸಿ ದಿನದ ಸರಾಸರಿ ತೆಗೆಯುತ್ತಾರೆ. ಅದು 65 ದಾಟದಿದ್ದರೆ ವಸತಿಗೆ ಹೊಂದುತ್ತದೆ ಎಂಬುದು ಹಳೆಯ ನಿಯಮ. ಆ ಮಟ್ಟದಲ್ಲಿ ನೂರಕ್ಕೆ ಹನ್ನೆರಡು ಜನರಷ್ಟೇ ತೀವ್ರ ಕಿರಿಕಿರಿ ಪಡುತ್ತಾರೆ ಎಂದು ಹಿಂದಿನ ಅಂದಾಜು ಹೇಳಿತ್ತು. ಅಲ್ಲಿನ ವಿಮಾನಯಾನ ಆಡಳಿತವು 20 ನಿಲ್ದಾಣಗಳ ಸುತ್ತ ನಡೆಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅದೇ ಮಟ್ಟದ ಸದ್ದಿಗೆ ತೀವ್ರ ಕಿರಿಕಿರಿ ಎಂದವರು ಮೂರರಲ್ಲಿ ಎರಡು ಪಾಲು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆ 2018ರಲ್ಲಿ ಕೊಟ್ಟ ಸಲಹೆಯಂತೆ ವಿಮಾನಗಳ ರಾತ್ರಿ ಸದ್ದು ಸರಾಸರಿ 40 ಡೆಸಿಬಲ್‌ಗಿಂತ ಕೆಳಗಿರಬೇಕು. ಆ 40ಕ್ಕೂ ನಮ್ಮ 65ಕ್ಕೂ ಇರುವ ಅಂತರವನ್ನು ನೋಡಿದರೆ ನಿಮ್ಮ ದೂರು ಅತಿಯಾದದ್ದಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಹಾಗಾಗಿ ‘ಮಿತಿ ಮೀರಿದೆ’ ಎಂದು ವಾದಿಸುವುದಕ್ಕಿಂತ ಬೇರೆ ಅಂಕಿಯನ್ನು ಕೇಳುವುದು ಒಳ್ಳೆಯದು. ನಿಮ್ಮ ಊರಿನಲ್ಲಿ ರಾತ್ರಿ 10ರಿಂದ 6ರೊಳಗೆ 70 ಡೆಸಿಬಲ್ ದಾಟಿದ ಹಾರಾಟಗಳೆಷ್ಟು, ಯಾವ ರನ್‌ವೇಯಿಂದ, ಯಾವ ಹೊತ್ತಿಗೆ? ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಪರಿಸರ ಅನುಮತಿ ಪಡೆದ ಯೋಜನೆಗಳು ಆರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಷರತ್ತು ಪಾಲನೆಯ ವರದಿಯೂ ಸಾರ್ವಜನಿಕ ದಾಖಲೆಯೇ. ಅರ್ಜಿಯನ್ನು ಗ್ರಾಮ ಪಂಚಾಯಿತಿಯ ಠರಾವಿನೊಂದಿಗೆ ಕಳಿಸಿದರೆ ಅದರ ತೂಕ ಹೆಚ್ಚು.

ಬಿಡುವು ಕೊಡುವ ದಾರಿಗಳು ಇಲ್ಲವೆಂದಲ್ಲ. ಲಂಡನ್ನಿನ ಹೀಥ್ರೂನಲ್ಲಿ ಎರಡು ರನ್‌ವೇಗಳ ಕೆಲಸವನ್ನು ಮಧ್ಯಾಹ್ನ 3 ಗಂಟೆಗೆ ಅದಲುಬದಲು ಮಾಡುತ್ತಾರೆ. ಯಾವ ವಾರ ಯಾವ ಹೊತ್ತು ತಮಗೆ ಬಿಡುವು ಎಂಬುದು ನೆರೆಯವರಿಗೆ ಮೊದಲೇ ತಿಳಿದಿರುತ್ತದೆ. ಫ್ರಾಂಕ್‌ಫರ್ಟ್‌ನಲ್ಲಿ 2011ರಲ್ಲಿ ಹೊಸ ರನ್‌ವೇ ತೆರೆದಾಗಲೇ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ನಿಗದಿತ ಹಾರಾಟಗಳು ನಿಂತವು; ಮರುವರ್ಷ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಬೆಂಗಳೂರಿನಲ್ಲಿ ಪೂರ್ಣ ನಿಷೇಧ ಸದ್ಯಕ್ಕೆ ದೂರದ ಮಾತು. ಆದರೆ 2019ರ ಡಿಸೆಂಬರ್‌ನಿಂದ ಎರಡು ಸಮಾನಾಂತರ ರನ್‌ವೇಗಳಿರುವ ನಿಲ್ದಾಣದಲ್ಲಿ, ಸಂಚಾರ ವಿರಳವಾದ ಹೊತ್ತಿನಲ್ಲಾದರೂ ಅವುಗಳನ್ನು ಸರದಿಯಂತೆ ಬಳಸಿ ವೇಳಾಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ ಎಂದು ಕೇಳುವುದು ಖಂಡಿತ ಅತಿಯಾಸೆಯಲ್ಲ.

ಪ್ರಶ್ನೆ: ನಮ್ಮ ಶಾಲೆಯ ಸುತ್ತ ಬಿದಿರು, ಸಿಲ್ವರ್ ಓಕ್ ಬೆಳೆಸಿ ಕಾಂಪೌಂಡನ್ನು ಎತ್ತರಿಸಿದರೆ ವಿಮಾನದ ಸದ್ದು ತಗ್ಗುವುದೇ?
— ಶಿಕ್ಷಕರು, ಬೆಂಗಳೂರು ಗ್ರಾಮಾಂತರ

ಉತ್ತರ: ತಗ್ಗುವುದಿಲ್ಲ. ಮೇಲಿನಿಂದ ಬೀಳುವ ಸದ್ದನ್ನು ಗೋಡೆಯಾಗಲಿ ಮರವಾಗಲಿ ತಡೆಯದು. ಆ ಹಣವನ್ನು ಚಾವಣಿಗೂ ಕಿಟಕಿಗಳಿಗೂ ಖರ್ಚು ಮಾಡಿ. ಶೀಟಿನ ಚಾವಣಿಯ ಕೊಠಡಿಯಲ್ಲಿ ಪಾಠ ನಡೆಯುತ್ತಿದ್ದರೆ ಮೊದಲು ಅದನ್ನು ಆರ್‌ಸಿಸಿಗೆ ಬದಲಿಸುವುದು, ಬಾಗಿಲು–ಕಿಟಕಿಗಳ ಸಂದು ಮುಚ್ಚುವುದು, ಗಾಳಿಯಾಡಲು ಬೇರೆ ವ್ಯವಸ್ಥೆ ಮಾಡುವುದು ನಿಜವಾದ ಉಪಾಯ. ಕಿಟಕಿ ತೆರೆದಿಟ್ಟರೆ ಒಳಗಿನ ಸದ್ದು ಹೊರಗಿನದಕ್ಕಿಂತ 10ರಿಂದ 15 ಡೆಸಿಬಲ್‌ನಷ್ಟೇ ಕಡಿಮೆಯಾಗುತ್ತದೆ.

ಮಕ್ಕಳ ವಿಷಯದಲ್ಲಿ ಮ್ಯೂನಿಕ್‌ನ ಅಧ್ಯಯನ ಮುಖ್ಯವಾದದ್ದು. 1992ರಲ್ಲಿ ಅಲ್ಲಿನ ಹಳೆಯ ನಿಲ್ದಾಣ ಮುಚ್ಚಿ ದೂರದಲ್ಲಿ ಹೊಸದು ತೆರೆದಾಗ, ಹಳೆಯದರ ಬಳಿಯ ಮಕ್ಕಳ ಓದು ಮತ್ತು ನೆನಪಿನ ಶಕ್ತಿ ಸುಧಾರಿಸಿತು, ಹೊಸದರ ಬಳಿಯ ಮಕ್ಕಳದ್ದು ಕುಂದಿತು. 2008ರ ಮೇ ತಿಂಗಳಲ್ಲಿ ಎಚ್‌ಎಎಲ್ ನಿಲ್ದಾಣದ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದಾಗ ನಮ್ಮಲ್ಲೂ ಸದ್ದು ನಗರದ ಮಕ್ಕಳನ್ನು ಬಿಟ್ಟು ಹಳ್ಳಿಯ ಮಕ್ಕಳ ಕಡೆಗೆ ಸರಿಯಿತು. ಹಾರಾಟದ ಗೆರೆಯ ಕೆಳಗಿನ ಸರ್ಕಾರಿ ಶಾಲೆಗಳ ಕೊಠಡಿಗಳನ್ನು ಸರಿಪಡಿಸುವ ವೆಚ್ಚವನ್ನು ನಿಲ್ದಾಣದ ಆದಾಯದಿಂದಲೇ ಭರಿಸಬೇಕು ಎಂಬುದು ನಮ್ಮ ದೃಢ ಅಭಿಪ್ರಾಯ.

ಪ್ರಶ್ನೆ: ಎರಡನೆಯ ವಿಮಾನ ನಿಲ್ದಾಣಕ್ಕೆ ನಮ್ಮ ಭಾಗದ ಹೆಸರೂ ಕೇಳಿಬರುತ್ತಿದೆ. ಭೂಮಿ ಹೋಗುವವರು ಪರಿಹಾರದ ಮಾತಾಡುತ್ತಿದ್ದಾರೆ. ಭೂಮಿ ಹೋಗದೆ ಪಕ್ಕದಲ್ಲೇ ಉಳಿಯುವ ನಮ್ಮಂಥವರು ಏನನ್ನು ಕೇಳಬೇಕು?
— ಓದುಗರು, ಕುಣಿಗಲ್ ರಸ್ತೆ

ಉತ್ತರ: ಇದನ್ನು ಈಗಲೇ ಕೇಳುತ್ತಿರುವುದು ಬಹಳ ಒಳ್ಳೆಯದು. ಕನಕಪುರ ರಸ್ತೆಯ ಎರಡು ಮತ್ತು ನೆಲಮಂಗಲ–ಕುಣಿಗಲ್ ರಸ್ತೆಯ ಒಂದು ಜಾಗವನ್ನು ರಾಜ್ಯ ಸರ್ಕಾರ ಮುಂದಿಟ್ಟಿತು. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಅವನ್ನು ನೋಡಿಹೋಯಿತು. ದೇವನಹಳ್ಳಿ ನಿಲ್ದಾಣವನ್ನು ನಡೆಸುವ ಕಂಪನಿಯೊಂದಿಗೆ ಕೇಂದ್ರ ಸರ್ಕಾರ ಮಾಡಿಕೊಂಡ ಒಪ್ಪಂದದಂತೆ 150 ಕಿಲೋಮೀಟರ್ ವ್ಯಾಪ್ತಿಯಲ್ಲಿ 2033ರವರೆಗೆ ಇನ್ನೊಂದು ನಿಲ್ದಾಣ ತೆರೆಯುವಂತಿಲ್ಲ. ಈ ನಡುವಿನ ವರ್ಷಗಳೇ ನಿಮ್ಮ ಅವಕಾಶ. ರಸ್ತೆ ಬದಿಯ ಹೊಲಗಳೆಲ್ಲ ಸೈಟುಗಳಾಗಿ ಮಾರಾಟವಾಗುವುದೂ ಇದೇ ವರ್ಷಗಳಲ್ಲಿ.

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2001ರಲ್ಲಿ ಒಪ್ಪಿದ ನೀತಿಯಲ್ಲಿ ಶಬ್ದ ತಗ್ಗಿಸಲು ನಾಲ್ಕು ದಾರಿಗಳಿವೆ: ಸದ್ದು ಕಡಿಮೆಯ ವಿಮಾನಗಳು, ಸುತ್ತಲಿನ ಭೂಬಳಕೆಯ ಯೋಜನೆ, ಹಾರಾಟದ ವಿಧಾನ, ಹಾರಾಟದ ಮೇಲಿನ ನಿರ್ಬಂಧ. ಇವುಗಳಲ್ಲಿ ರಾಜ್ಯದ ಮತ್ತು ಪಂಚಾಯಿತಿಯ ಕೈಯಲ್ಲಿ ನೇರವಾಗಿ ಇರುವುದು ಭೂಬಳಕೆ ಒಂದೇ. ರನ್‌ವೇ ಬಂದ ಮೇಲೆ ಮಾಡಲಾಗದ್ದೂ ಅದೊಂದೇ. ಆದ್ದರಿಂದ ಅಂತಿಮ ರೂಪದ ನಿಲ್ದಾಣದ, ಎಲ್ಲ ರನ್‌ವೇಗಳೂ ಪೂರ್ಣ ಬಳಕೆಯಲ್ಲಿರುವ ಕಾಲದ ಶಬ್ದ ನಕ್ಷೆಯನ್ನು ಕೇಳಿ. ಮೊದಲ ವರ್ಷದ ಹತ್ತಾರು ವಿಮಾನಗಳ ನಕ್ಷೆಯನ್ನು ಒಪ್ಪಬೇಡಿ. ಅದರಲ್ಲಿ ಸರ್ವೆ ನಂಬರುಗಳೂ ಊರುಗಳ ಹೆಸರುಗಳೂ ಇರಲಿ. ಹೆಚ್ಚು ಸದ್ದಿನ ವಲಯದಲ್ಲಿ ಹೊಸ ಬಡಾವಣೆಗೆ ಒಪ್ಪಿಗೆ ನಿಲ್ಲಲಿ, ಅಲ್ಲಿ ಈಗಾಗಲೇ ಇರುವ ಮನೆಗಳಿಗೆ ಬೇಲಿಯ ಹೊರಗಿದ್ದರೂ ಪರಿಹಾರ ಅಥವಾ ಪುನರ್ವಸತಿಯ ಆಯ್ಕೆ ಸಿಗಲಿ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಹೊಸ ನಿಲ್ದಾಣಕ್ಕೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಪ್ರಕಟಣೆ ಹೊರಡಿಸಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ದೊರೆಯಬೇಕು. ಸಭೆಯಲ್ಲಿ ಮಾತಾಡುವುದರ ಜೊತೆಗೆ ಆಕ್ಷೇಪಣೆಯನ್ನು ಬರಹದಲ್ಲಿಯೂ ಕೊಟ್ಟು, ಅದಕ್ಕೆ ಮೊಹರು ಹಾಕಿದ ಸ್ವೀಕೃತಿ ಪಡೆದುಕೊಳ್ಳಿ.