ಚೆಕ್‌ರೋಲ್‌ನಲ್ಲಿ ಇಲ್ಲದವರು

ಪತ್ರ: ಕೋವಿಡ್ ಕಾಲದಲ್ಲಿ ಎಲ್ಲರೂ ಆಸ್ಪತ್ರೆ, ವೆಂಟಿಲೇಟರ್ ಎಂದರು. ಮುಂದೆ ಇಂಥದ್ದೇ ರೋಗ ಬಂದರೆ, ಬ್ಲೀಚಿಂಗ್ ಪುಡಿ ಚೆಲ್ಲುವುದು ಬಿಟ್ಟು ಗ್ರಾಮ ಪಂಚಾಯಿತಿ ಮಾಡಬಹುದಾದದ್ದು ಏನಾದರೂ ಇದೆಯೇ?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಇದೆ. ಪುಡಿಯ ಮಾತು ಮೊದಲು ಮುಗಿಸಿಬಿಡೋಣ. ಬೀದಿಗೆ ಸಿಂಪಡಿಸಿ ಪ್ರಯೋಜನವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಮಣ್ಣು, ಕಸ ತಾಗಿದರೆ ಕ್ಲೋರಿನ್ ಸತ್ವ ಕಳೆದುಕೊಳ್ಳುತ್ತದೆ. ಆದರೂ ಸಿಂಪಡಿಸುತ್ತಾರೆ. ಕಣ್ಣಿಗೆ ಕಾಣುವ ಕೆಲಸವಲ್ಲವೇ, ಬಿಲ್ಲೂ ಸುಲಭ! ಆ ಪುಡಿ ಸೇರಬೇಕಾದದ್ದು ನೀರಿನ ಟ್ಯಾಂಕಿಗೆ: ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ, ಅರ್ಧ ಗಂಟೆ ಬಿಟ್ಟು ಬಳಕೆ. ನಮ್ಮ ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಚೀಲ ಬೇಗ ಕೆಡುತ್ತದೆ, ಆಗ ಈ ಲೆಕ್ಕವೂ ತಪ್ಪುತ್ತದೆ.

ಕೊಡಗಿನಲ್ಲಿ ಅಪಾಯ ಹೆಚ್ಚಿರುವುದು ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಲ್ಲಿ. ಕಾಫಿ ಕೊಯ್ಲಿಗೆ ಅಸ್ಸಾಂನಿಂದ ಬಂದವರ ರೇಷನ್ ಕಾರ್ಡ್, ಮತದಾರರ ಪಟ್ಟಿ ಎರಡೂ ಅವರ ಊರಿನಲ್ಲಿ; ಆಶಾ ಕಾರ್ಯಕರ್ತೆಯ ಪುಸ್ತಕದಲ್ಲೂ ಎಷ್ಟೋ ಸಲ ಅವರ ಹೆಸರಿಲ್ಲ. ಒಂದೇ ಕೋಣೆ, ಒಂದೇ ನಲ್ಲಿ ಇರುವಲ್ಲಿ ‘ಮನೆಯಲ್ಲೇ ಪ್ರತ್ಯೇಕವಾಗಿರಿ’ ಎಂದರೆ ಹೇಗೆ? ವಸತಿ, ವೈದ್ಯಕೀಯ ಸೌಲಭ್ಯವನ್ನು ಮಾಲೀಕರ ಹೊಣೆ ಮಾಡಿದ 1951ರ ತೋಟ ಕಾರ್ಮಿಕರ ಕಾಯ್ದೆ ಹಿಡಿದದ್ದು 5 ಹೆಕ್ಟೇರ್ ಮತ್ತು 15 ಕೆಲಸಗಾರರಿಂದ ಮೇಲಿನ ತೋಟಗಳನ್ನು. ಸಣ್ಣ ತೋಟದವರು ಅದರ ಹೊರಗೇ ಉಳಿದರು.

ಆದ್ದರಿಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೊಯ್ಲಿಗೆ ಮುನ್ನ, ನವೆಂಬರಿನಲ್ಲೇ, ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಬೇಕು. ಕೆಲಸಗಾರರ ಹಾಜರಿ ಪುಸ್ತಕವಾದ ಚೆಕ್‌ರೋಲ್‌ನಲ್ಲಿ ಅರ್ಧ ಪಟ್ಟಿ ಸಿಗುತ್ತದೆ. ಆಳು ಒದಗಿಸುವ ಮೇಸ್ತ್ರಿ ಕರೆತಂದವರು ಅದರಲ್ಲಿ ಇರುವುದಿಲ್ಲ, ಅವರನ್ನು ಕೋಣೆ ಕೋಣೆಗೆ ಹೋಗಿಯೇ ಬರೆಯಬೇಕು: ಹೆಸರು, ಫೋನ್, ಕೋಣೆಯಲ್ಲಿ ಎಷ್ಟು ಜನ, ಬಿಪಿ–ಸಕ್ಕರೆ–ಟಿಬಿ ಔಷಧ ಯಾರಿಗೆ, ಗರ್ಭಿಣಿ ಯಾರು. ಒಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಆದಿವಾಸಿಗಳ ಹಾಡಿಗಳಿಗೂ ಹೀಗೆಯೇ.

2020ರಲ್ಲಿ ಪಂಚಾಯಿತಿಗೊಂದು ಕಾರ್ಯಪಡೆ ಆಯಿತು. ಆದರೆ ಸದಸ್ಯರ ಅವಧಿ ನಡುವೆಯೇ ಮುಗಿದು, ಡಿಸೆಂಬರ್ ಚುನಾವಣೆಯವರೆಗೆ ಆಡಳಿತಾಧಿಕಾರಿಗಳೇ ಗತಿಯಾದರು. ಯಾವ ಮನೆಯಲ್ಲಿ ಡಯಾಲಿಸಿಸ್ ರೋಗಿ ಇದ್ದಾರೆ ಎಂಬುದು ವಾರ್ಡ್ ಸದಸ್ಯನಿಗೆ ಗೊತ್ತಿರುತ್ತದೆ, ಹೊರಗಿನ ಅಧಿಕಾರಿಗೆ ಹೇಗೆ ಗೊತ್ತಾದೀತು?

ಕಟ್ಟಡದ ವಿಷಯದಲ್ಲಂತೂ ನಮ್ಮ ಜಿಲ್ಲೆಗೆ ಬೇರೆಯೇ ತೊಡಕು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಾಗ ಕೋವಿಡ್ ಕೂಡ ಇತ್ತು. ಮಳೆಗೆ ಪರಿಹಾರ ಕೇಂದ್ರವಾಗುವ ಶಾಲೆಯನ್ನೇ ಕ್ವಾರಂಟೈನ್‌ಗೂ ಗೊತ್ತುಮಾಡಿದರೆ ಸೋಂಕಿತರೂ ಸಂತ್ರಸ್ತರೂ ಒಂದೇ ಸೂರಿನಡಿ. ಎರಡಕ್ಕೂ ಬೇರೆ ಕಟ್ಟಡ, ಬೇರೆ ಶೌಚಾಲಯ ಮೇ ತಿಂಗಳೊಳಗೆ ನಿಗದಿಯಾಗಲಿ. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಕೊಂಡರೆ ಬ್ಯಾಟರಿಯನ್ನೂ ಕೊಳ್ಳಿ. ಜುಲೈ ಚಳಿಯಲ್ಲಿ ಬೆರಳು ಉಜ್ಜಿ ಬೆಚ್ಚಗಾದ ಮೇಲೆ ಹಾಕಿ, ಇಲ್ಲವಾದರೆ ಅಂಕಿ ತಪ್ಪು ತೋರಿಸುತ್ತದೆ. ಆಗಲೂ 94ಕ್ಕಿಂತ ಕೆಳಗಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಕಳಿಸಿ. ಪಟ್ಟಿ ಮೊಬೈಲಿನಲ್ಲಿದ್ದರೆ ಸಾಲದು, ಗಾಳಿಮಳೆಗೆ ಕರೆಂಟೂ ನೆಟ್‌ವರ್ಕೂ ಹೋಗುವ ಊರು ನಮ್ಮದು, ಕಾಗದದಲ್ಲೂ ಇರಲಿ.