ಹಕ್ಕಿಗೂ ಬ್ಯಾಕ್ಟೀರಿಯಕ್ಕೂ ‘ಪ್ರಭೇದ’ ಒಂದೇನಾ?

ಜೀಬ್ರಾ ಫಿಂಚ್ ಅನ್ನೋ ಹಾಡುಹಕ್ಕಿಯೂ ಒಂದು ಪ್ರಭೇದ, ಕೆರೆ ನೀರನ್ನು ಹಸಿರು ಮಾಡುವ ಮೈಕ್ರೋಸಿಸ್ಟಿಸ್ ಏರುಜಿನೋಸಾ ಬ್ಯಾಕ್ಟೀರಿಯವೂ ಒಂದು ಪ್ರಭೇದ. ಎರಡೂ ಕಡೆ ಆ ಮಾತಿಗೆ ಒಂದೇ ಅರ್ಥವಾ ಅಂತ ಕೇಳಿದ್ದೀರಿ. ತುಂಬಾ ಒಳ್ಳೆ ಪ್ರಶ್ನೆ. ಒಂದೇ ಅಲ್ಲ, ಅಳತೆಗೋಲೇ ಬೇರೆ.

ಹಕ್ಕಿಯದು ಸುಲಭ. ತಮ್ಮತಮ್ಮಲ್ಲೇ ಕೂಡಿ ಮರಿ ಮಾಡುವ, ಬೇರೆಯವುಗಳ ಜೊತೆ ಹಾಗೆ ಬೆರೆಯದ ಗುಂಪು ಒಂದು ಪ್ರಭೇದ. 1942ರಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ.

ಬ್ಯಾಕ್ಟೀರಿಯದಲ್ಲಿ ಗಂಡು ಹೆಣ್ಣು ಅಂತಲೇ ಇಲ್ವಲ್ಲ! ಒಂದು ಕೋಶ ಒಡೆದು ಎರಡಾಗುತ್ತದೆ. ಅದರ ಮೇಲೆ, ದೂರದ ಸಂಬಂಧದ ಬ್ಯಾಕ್ಟೀರಿಯಗಳಿಂದಲೂ ಜೀನ್ ಪಡೆದುಕೊಳ್ಳುತ್ತದೆ. ಫಿಂಚ್ ಪಕ್ಕದ ಕೊಂಬೆಯ ಬೇರೆ ಹಕ್ಕಿಯಿಂದ ರೆಕ್ಕೆಯ ಬಣ್ಣ ಎರವಲು ತಂದಂತೆ ಅಂದುಕೊಳ್ಳಿ. ಹಾಗಾಗಿ ಇಲ್ಲಿ ಡಿಎನ್‌ಎ ಹೋಲಿಸುತ್ತಾರೆ. ಸಾಮಾನ್ಯವಾಗಿ ಶೇ 95ಕ್ಕಿಂತ ಜಾಸ್ತಿ ಹೊಂದಿದರೆ ಒಂದೇ ಪ್ರಭೇದ. ಇದು ಎಷ್ಟು ಸಡಿಲ ಅಂದರೆ, ಮನುಷ್ಯರಿಗೂ ಚಿಂಪಾಂಜಿಗೂ ನೇರವಾಗಿ ಹೋಲಿಸಬಹುದಾದ ಡಿಎನ್‌ಎಯಲ್ಲಿ ಇರುವ ವ್ಯತ್ಯಾಸ ಶೇ 1ರ ಸುಮಾರು. ಈ ಲೆಕ್ಕದಲ್ಲಿ ನಾವಿಬ್ಬರೂ ಒಂದೇ ಪ್ರಭೇದ ಆಗಿಬಿಡುತ್ತೇವೆ, ಅಲ್ವಾ?

ಇದು ಸುಮ್ನೆ ಹೆಸರಿನ ಜಗಳ ಅಲ್ಲ. ಒಂದೇ ಹೆಸರಿನ ಮೈಕ್ರೋಸಿಸ್ಟಿಸ್‌ನಲ್ಲಿ ಕೆಲವು ತಳಿಗಳು ಯಕೃತ್ತಿಗೆ ಹಾನಿ ಮಾಡುವ ಮೈಕ್ರೋಸಿಸ್ಟಿನ್ ವಿಷ ತಯಾರಿಸುತ್ತವೆ, ಕೆಲವಕ್ಕೆ ಆ ಜೀನ್‌ಗಳೇ ಇಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣಬಹುದು. ಅದಕ್ಕೇ ನೀರಿನಲ್ಲಿ ಪ್ರಭೇದ ಯಾವುದು ಅಂತ ಗೊತ್ತಾದರೆ ಸಾಲದು, ವಿಷ ಇದೆಯಾ ಅಂತ ಬೇರೆಯಾಗಿಯೇ ಪರೀಕ್ಷೆ ಮಾಡಬೇಕು.